"ಅಕ್ಕಾ, ಇದು ಒರಿಜಿನಲ್ಲಾ, ಡೂಪ್ಲಿಕೇಟಾ?"

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ಸರ್ಕಾರದ ಆನ್‌ಲೈನ್ ಸೇವೆಗಳನ್ನು ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವ ನನ್ನನ್ನು ಜನ ಹೆಚ್ಚಾಗಿ ಕೇಳುವುದು ಇದನ್ನೇ. ಕೈಯಲ್ಲಿ ಅಂಚೆಯಲ್ಲಿ ಬಂದ ಲಕೋಟೆ ಇರುತ್ತದೆ, ಇಲ್ಲವೇ ಮೊಬೈಲಿನಲ್ಲಿ ತೆರೆದ ಮೇಲ್. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯರಿಗೆ ಮಲಯಾಳದ, ಇಂಗ್ಲಿಷಿನ ಕಾಗದ ಪೂರ್ತಿ ಓದುವುದು ಕಷ್ಟ. ಹಾಗಾಗಿ ಸೀಲು, ಸಹಿ, ಅಶೋಕ ಸ್ತಂಭ ಕಂಡರೆ ನಂಬಿಬಿಡುತ್ತಾರೆ. ಮೋಸಗಾರರು ಅಚ್ಚುಕಟ್ಟಾಗಿ ಮಾಡುವುದೂ ಅವನ್ನೇ.

ಆದ್ದರಿಂದ ಸೀಲು ನೋಡಬೇಡಿ. ಕಾಗುಣಿತ ತಪ್ಪಿದ್ದರೆ ಮಾತ್ರ ಮೋಸ ಎಂಬ ಹಳೆಯ ಲೆಕ್ಕವೂ ಈಗ ನಡೆಯದು. ಕಂಪ್ಯೂಟರೇ ತಪ್ಪಿಲ್ಲದೆ ಬರೆದುಕೊಡುತ್ತದೆ. ನಾನು ನೋಡುವುದು ಎರಡೇ: ನಮ್ಮ ಉತ್ತರ ಯಾರಿಗೆ ಹೋಗುತ್ತದೆ, ದುಡ್ಡು ಯಾವ ಕಡೆಗೆ ಹೋಗುತ್ತದೆ.

ಗಲ್ಫ್ ಕೆಲಸದ ಮೇಲನ್ನೇ ತೆಗೆದುಕೊಳ್ಳಿ. ದುಬೈಯ ದೊಡ್ಡ ಕಂಪೆನಿಯ ಲೆಟರ್‌ಹೆಡ್, ಒಳ್ಳೆಯ ಸಂಬಳ, ಊಟ ವಸತಿ ಉಚಿತ. ಕಳುಹಿಸಿದವರ ಹೆಸರನ್ನು ಒತ್ತಿದರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ಅದರ ಕೊನೆಯಲ್ಲಿ ಕಂಪೆನಿಯ ಹೆಸರಿಲ್ಲ, ಜಿಮೇಲ್ ಡಾಟ್ ಕಾಮ್! ಎರಡನೇ ಪುಟದಲ್ಲಿ ವೀಸಾ ಖರ್ಚಿಗೆಂದು ಇಷ್ಟು ಸಾವಿರ, ನಾಳೆಯೊಳಗೆ, ಯಾರದೋ ಖಾಸಗಿ ಖಾತೆಗೆ. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಭಾರತದ ನೋಂದಾಯಿತ ಏಜೆಂಟರು ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಆಸೆಯಿಂದ ಬಂದ ಹುಡುಗನಿಗೆ "ಇದು ಸುಳ್ಳು ಮಾರಾಯ" ಎನ್ನುವಾಗ ನನಗೆ ಸಂಕಟವಾಗುತ್ತದೆ. ಆದರೆ ಅಮ್ಮನ ಚಿನ್ನ ಅಡವಿಟ್ಟ ಮೇಲೆ ಹೇಳಿ ಏನು ಪ್ರಯೋಜನ?

ಸ್ಪೀಡ್ ಪೋಸ್ಟಿನಲ್ಲಿ ಬರುವ ಸ್ಕ್ರ್ಯಾಚ್ ಕಾರ್ಡಿನದ್ದೂ ಅದೇ ಹಾದಿ: ಉಜ್ಜಿದರೆ ಕಾರು, ಬೇಕಾದರೆ ಮೊದಲು ತೆರಿಗೆ ಕಟ್ಟಿ. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು ಕೊಟ್ಟ ಮಾತ್ರಕ್ಕೆ ಒಳಗಿನದ್ದು ನಿಜವಾಗುವುದಿಲ್ಲ. ಕೇರಳ ಸರ್ಕಾರದ ಲಾಟರಿಯ ಕ್ರಮವೇ ಬೇರೆ: ಅದು ಕಾಗದದ ಟಿಕೆಟಿನಲ್ಲಿ ಮಾತ್ರ ಇದೆ. ದೊಡ್ಡ ಬಹುಮಾನದ ತೆರಿಗೆಯನ್ನು ಮೊದಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ, ಗೆದ್ದವರಿಂದ ಮುಂಗಡ ಕೇಳುವುದಿಲ್ಲ.

"ವಿಳಾಸ ಸರಿಯಿಲ್ಲ, ಪಾರ್ಸೆಲ್ ವಾಪಸು ಹೋಗುತ್ತದೆ" ಎಂದು ಅಂಚೆ ಇಲಾಖೆಯ ಹೆಸರಲ್ಲಿ ಬರುವ ಲಿಂಕ್ ಒತ್ತಬೇಡಿ. ಜಾಲತಾಣದ ಹೆಸರಿನ ನಿಜವಾದ ಒಡೆಯ ತಿಳಿಯುವುದು ಅದರ ಬಾಲದಲ್ಲಿ. ಆರಂಭದ 'https://' ಬಿಟ್ಟು ಮುಂದೆ ಸಿಗುವ ಮೊದಲ ಓರೆಗೆರೆಯ (/) ಹಿಂದೆಯೇ 'ಡಾಟ್ ಗವ್ ಡಾಟ್ ಇನ್' (.gov.in) ಇದ್ದರೆ ಸರ್ಕಾರದ್ದು. ಅದರ ಬೆನ್ನಿಗೆ ಇನ್ನೊಂದು ಡಾಟ್ ಬಂದು ಬೇರೇನೋ ಸೇರಿದ್ದರೆ ಅಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' (.bank.in) ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಸಂಶಯವಿದ್ದರೆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡಿ, ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ.

ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೇಲ್ ಅಳಿಸಬೇಡಿ, ಲಕೋಟೆ ಬಿಸಾಡಬೇಡಿ. ಮಲಯಾಳ ಬರುವುದಿಲ್ಲವೆಂದು ದೂರು ಕೊಡದೆ ಕುಳಿತವರಿದ್ದಾರೆ. ನಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಹಕ್ಕು ನಮಗಿದೆ. ಠಾಣೆಗೆ ಕೊಡುವ ದೂರನ್ನೂ ಕನ್ನಡದಲ್ಲೇ ಬರೆಯಿರಿ.