ಜಾಲತಾಣದಲ್ಲಿ ಹಂಚಿಕೊಂಡ ಕವಿತೆ ‘ಅಪ್ರಕಟಿತ’ವೇ?

ದೀಪಾವಳಿ ವಿಶೇಷಾಂಕಗಳ ಕಥೆ, ಕವನ ಸ್ಪರ್ಧೆಗಳಿಗೆ ಆಹ್ವಾನ ಹೊರಬೀಳುವ ದಿನಗಳಲ್ಲಿ ಕಾಸರಗೋಡಿನ ಕಿರಿಯ ಬರಹಗಾರರು ನನ್ನಲ್ಲಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಮಾಷ್ಟ್ರೇ, ಈ ಕವಿತೆಯನ್ನು ಫೇಸ್‌ಬುಕ್ಕಿಗೆ ಹಾಕಿದ್ದೆ, ಇನ್ನು ಕಳುಹಿಸಬಹುದೇ?’ ರಚನೆ ಸ್ವಂತದ್ದೂ ಅಪ್ರಕಟಿತವೂ ಆಗಿರಬೇಕೆಂದು ನಿಯಮದಲ್ಲಿ ಇದ್ದೇ ಇರುತ್ತದೆ. ಕೆಲವರು ಅದಕ್ಕೆ ಬ್ಲಾಗ್, ಸಾಮಾಜಿಕ ಜಾಲತಾಣಗಳನ್ನೂ ಸೇರಿಸಿ ಹೇಳುತ್ತಾರೆ. ಇನ್ನು ಕೆಲವರು ‘ಅಪ್ರಕಟಿತ’ ಎಂದಷ್ಟೇ ಬರೆದು ಬಿಡುತ್ತಾರೆ, ಮತ್ತು ತೊಡಕು ಹುಟ್ಟುವುದು ಅಲ್ಲಿಯೇ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ, ಕಾನೂನಿನದ್ದು ಒಂದು, ಸಂಪಾದಕರದ್ದು ಇನ್ನೊಂದು, ಮತ್ತು ಇವೆರಡಕ್ಕೂ ಒಂದೇ ಉತ್ತರ ಕೊಡಲು ಹೋದಾಗ ಬರಹಗಾರನಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದು. ಅದರ 3ನೇ ಸೆಕ್ಷನ್ನಿನ ಪ್ರಕಾರ, ಪ್ರತಿಗಳನ್ನು ಹೊರತಂದಾಗಲಿ, ಸಾರ್ವಜನಿಕರಿಗೆ ಬೇರೆ ರೀತಿಯಲ್ಲಿ ತಲುಪಿಸಿಯಾಗಲಿ ಕೃತಿಯನ್ನು ಜನರಿಗೆ ಸಿಗುವಂತೆ ಮಾಡುವುದೇ ಪ್ರಕಟಣೆ. ಸಾರ್ವಜನಿಕರಿಗೆ ತಲುಪಿಸುವುದೆಂದರೆ ಏನೆಂದು ವಿವರಿಸುವ 2ನೇ ಸೆಕ್ಷನ್, ಯಾರಾದರೂ ಅದನ್ನು ನಿಜವಾಗಿ ನೋಡಿದರೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಆದುದರಿಂದ ‘ನಾಲ್ಕು ಲೈಕ್ ಬಂದದ್ದಷ್ಟೇ, ಯಾರೂ ಓದಿಲ್ಲ’ ಎಂಬ ಸಮಾಧಾನ ಕಾನೂನಿನ ಎದುರು ನಿಲ್ಲುವುದಿಲ್ಲ. ಫೇಸ್‌ಬುಕ್ ಪೋಸ್ಟಿನಲ್ಲಿ ನಿಮ್ಮ ಹೆಸರಿನ ಕೆಳಗೆ, ಸಮಯದ ಪಕ್ಕದಲ್ಲಿ, ಸಣ್ಣದೊಂದು ಭೂಗೋಳದ ಚಿತ್ರವಿದ್ದರೆ ಆ ಕವಿತೆ ಎಲ್ಲರಿಗೂ ತೆರೆದಿದೆ ಎಂದರ್ಥ. ಭೂಗೋಳದ ಬದಲು ಇಬ್ಬರು ಮನುಷ್ಯರ ಆಕೃತಿಯಿದ್ದರೆ ಅದು ಸ್ನೇಹಿತರಿಗೆ ಮಾತ್ರ. ಪರಸ್ಪರ ಬಲ್ಲ ಹತ್ತಿಪ್ಪತ್ತು ಮಂದಿಯ ವಾಟ್ಸ್‌ಆಪ್ ಗುಂಪನ್ನು ಸಾರ್ವಜನಿಕವೆನ್ನುವುದು ಕಷ್ಟ. ಲಿಂಕ್ ಸಿಕ್ಕಿದವರೆಲ್ಲ ಒಳಬರಬಹುದಾದ ಗುಂಪನ್ನು ಖಾಸಗಿ ಎನ್ನುವುದೂ ಅಷ್ಟೇ ಕಷ್ಟ.

ಅದೇ ಕಾಯ್ದೆಯ 4ನೇ ಸೆಕ್ಷನ್ನನ್ನು ನಮ್ಮ ಬರಹಗಾರರು ತಿಳಿದಿರಲೇಬೇಕು. ಹಕ್ಕುದಾರರ ಅನುಮತಿಯಿಲ್ಲದೆ ಪ್ರಕಟವಾದದ್ದನ್ನು, ಹಕ್ಕುಸ್ವಾಮ್ಯ ಉಲ್ಲಂಘನೆಯ ವಿಚಾರವೊಂದನ್ನು ಬಿಟ್ಟರೆ, ಪ್ರಕಟವಾಯಿತೆಂದು ಪರಿಗಣಿಸಲಾಗುವುದಿಲ್ಲ ಎಂದು ಅದು ಹೇಳುತ್ತದೆ. ನೀವು ನಾಲ್ಕು ಮಂದಿ ಸ್ನೇಹಿತರಿಗೆ ಕಳುಹಿಸಿದ ಕವಿತೆಯನ್ನು ಅವರಲ್ಲೊಬ್ಬರು ನಿಮ್ಮನ್ನು ಕೇಳದೆ, ಕೆಲವೊಮ್ಮೆ ಹೆಸರನ್ನೂ ಅಳಿಸಿ, ಊರಿಗೆಲ್ಲ ಹಂಚಿದರೆ, ಕಾನೂನಿನ ದೃಷ್ಟಿಯಲ್ಲಿ ನಿಮ್ಮ ಕವಿತೆ ಇನ್ನೂ ಅಪ್ರಕಟಿತವೇ. ಹಾಗೆಯೇ, ಸಾರ್ವಜನಿಕವಾಗಿ ಹಂಚಿಕೊಂಡ ಮಾತ್ರಕ್ಕೆ ನಿಮ್ಮ ಹಕ್ಕು ಕೈತಪ್ಪಿ ಹೋಗುವುದೂ ಇಲ್ಲ. ಲೇಖಕರು ತೀರಿಕೊಂಡ ಮೇಲೂ ಅದು 60 ವರ್ಷ ಉಳಿಯುತ್ತದೆ. 1963ರಲ್ಲಿ ನಿಧನರಾದ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2024ರ ಆರಂಭದಿಂದ ಎಲ್ಲರ ಸೊತ್ತಾದದ್ದು ಈ ಲೆಕ್ಕದಲ್ಲಿಯೇ. ಲೇಖಕರ ಮರಣಾನಂತರ ಮೊದಲು ಬೆಳಕು ಕಂಡ ಬರಹಗಳಿಗೆ ಮಾತ್ರ ಆ 60 ವರ್ಷಗಳನ್ನು ಪ್ರಕಟಣೆಯ ವರ್ಷದಿಂದ ಎಣಿಸುತ್ತಾರೆ.

ಸಂಪಾದಕರ ಪ್ರಶ್ನೆ ಬೇರೆಯೇ. ಅವರಿಗೆ ಬೇಕಾದದ್ದು ತಮ್ಮ ಓದುಗರು ಮೊದಲ ಸಲ ಓದುವ ಬರಹ. ಅದು ನ್ಯಾಯವಾದ ಅಪೇಕ್ಷೆ. ಸ್ಪರ್ಧೆಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ತೀರ್ಪುಗಾರರಿಗೆ ಬರೆದವರು ಯಾರೆಂದು ತಿಳಿಯಬಾರದು, ಆದರೆ ಒಂದು ಸಾಲನ್ನು ಗೂಗಲ್ಲಿಗೆ ಹಾಕಿದರೆ ಬರೆದವರ ಫೋಟೊ ಸಮೇತ ಸಿಗುವ ಕವಿತೆಯಲ್ಲಿ ಆ ಗುಟ್ಟು ಉಳಿಯುವುದಿಲ್ಲ. ಹೀಗಿದ್ದರೂ ಎಲ್ಲ ಕಡೆಯೂ ಒಂದೇ ರೂಢಿಯಿಲ್ಲ. ಅಮೆರಿಕದ ‘ರ್‍ಯಾಟಲ್’ ಎಂಬ ಕವಿತಾ ಪತ್ರಿಕೆ ಅಪ್ರಕಟಿತ ಕವಿತೆಗಳನ್ನೇ ಕೇಳುತ್ತದೆ. ಆದರೆ ಕವಿ ತಾನಾಗಿ ಬ್ಲಾಗಿನಲ್ಲೋ ಸಾಮಾಜಿಕ ಜಾಲತಾಣದಲ್ಲೋ ಹಾಕಿಕೊಂಡದ್ದನ್ನು ಅದು ಪ್ರಕಟಣೆ ಎಂದು ಎಣಿಸುವುದಿಲ್ಲ. ಸಂಕಲನದ ಮಟ್ಟಿಗಂತೂ ತೊಂದರೆಯೇ ಇಲ್ಲ, ಮೊದಲು ಪ್ರಕಟಿಸಿದ ಪತ್ರಿಕೆಗಳನ್ನು ನೆನೆಯುವುದು ಕನ್ನಡದ ಕವನ ಸಂಕಲನಗಳಲ್ಲಿ ಹಳೆಯ ಪದ್ಧತಿ.

ನಾನು ಇದನ್ನು ಇಷ್ಟು ಒತ್ತಿ ಬರೆಯಲು ಕಾರಣ ನಮ್ಮ ಊರಿನ ಸ್ಥಿತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಬರಹಗಾರರಿಗೆ ಪತ್ರಿಕೆಗಳ ಕಚೇರಿಗಳೂ ಪ್ರಕಾಶಕರೂ ದೂರವೇ ಉಳಿದರು. ಬದಿಯಡ್ಕದ ಕಡೆಯ ಹುಡುಗಿಯೊಬ್ಬಳು ಬರೆದ ಕವಿತೆಯನ್ನು ಯಾರಾದರೂ ಓದಿ ‘ಈ ಸಾಲು ಸಡಿಲವಾಯಿತು’ ಎಂದು ಹೇಳಬೇಕಾದರೆ ಅವಳಿಗಿರುವುದು ವರ್ಷಕ್ಕೆ ಒಂದೆರಡು ಕವಿಗೋಷ್ಠಿ ಮತ್ತು ದಿನನಿತ್ಯ ಕೈಯಲ್ಲಿರುವ ಫೋನು. ಕವಿಗೋಷ್ಠಿಯಲ್ಲಿ ನೂರು ಮಂದಿಯ ಎದುರು ಮೈಕಿನಲ್ಲಿ ಓದಿದ ಕವಿತೆಯನ್ನು ‘ಪ್ರಕಟವಾಗಿದೆ’ ಎಂದು ತಿರಸ್ಕರಿಸಿದ ಸಂಪಾದಕರನ್ನು ನಾನು ಕಂಡಿಲ್ಲ. ಅದೇ ಕವಿತೆಯ ಮೊದಲ ಕರಡನ್ನು ಮೂವತ್ತು ಮಂದಿ ಫೋನಿನಲ್ಲಿ ಓದಿದರೆ ಅದು ಹಳಸಿತೆನ್ನುವುದು ಹೇಗೆ? ಬೆಂಗಳೂರಿನಲ್ಲಿ ಹಿರಿಯರ ಮನೆಯ ಜಗಲಿಯಲ್ಲಿ ಕುಳಿತು ಕವಿತೆ ತಿದ್ದಿಸಿಕೊಳ್ಳುವವರಿಗೆ ಇಲ್ಲದ ದಂಡ ಗಡಿನಾಡಿನವರಿಗೆ ಮಾತ್ರ ಬೀಳಬಾರದು.

ಈ ಕಾರಣಕ್ಕೆ ಸಂಪಾದಕರಲ್ಲಿ ನನ್ನ ವಿನಂತಿ: ‘ಅಪ್ರಕಟಿತ’ ಎಂಬ ಪದದ ಜೊತೆಗೆ ಇನ್ನೊಂದು ವಾಕ್ಯ ಬರೆಯಿರಿ. ಸಾರ್ವಜನಿಕ ಪೋಸ್ಟ್ ಬೇಡವೇ, ಸ್ನೇಹಿತರಿಗಷ್ಟೇ ತೋರಿಸಿದ್ದು ಆಗಬಹುದೇ, ಕರಡನ್ನು ಗಣನೀಯವಾಗಿ ತಿದ್ದಿದ್ದರೆ ಅದನ್ನು ಹೊಸ ರಚನೆಯೆಂದು ಸ್ವೀಕರಿಸುವಿರೇ ಎಂಬುದನ್ನು ಮೊದಲೇ ಹೇಳಿದರೆ, ಆಯ್ಕೆಯಾದ ಬಳಿಕ ಯಾರೋ ಸ್ಕ್ರೀನ್‌ಶಾಟ್ ಕಳುಹಿಸಿ ಹೆಸರು ಕೈಬಿಡುವ ಪ್ರಸಂಗ ಬರುವುದಿಲ್ಲ.

ಬರೆಯುವವರು ಮಾಡಬಾರದ ಕೆಲಸವೊಂದಿದೆ: ಪೋಸ್ಟ್ ಅಳಿಸಿ, ಏನೂ ಆಗಲಿಲ್ಲವೆಂಬಂತೆ ಕಳುಹಿಸುವುದು. ಅಳಿಸಿದ ಮಾತ್ರಕ್ಕೆ ಪ್ರಕಟವಾದದ್ದು ಅಪ್ರಕಟಿತವಾಗುವುದಿಲ್ಲ, ಹಂಚಿದ ಪ್ರತಿಗಳು ಬೇರೆಯವರ ಫೋನಿನಲ್ಲಿ ಉಳಿದೇ ಇರುತ್ತವೆ. ಜಾಲತಾಣದಲ್ಲಿ ಹಾಕಿದ್ದು ಕೂಡದೆಂದು ನಿಯಮದಲ್ಲಿ ಸ್ಪಷ್ಟವಾಗಿದ್ದರೆ ಬೇರೆ ಕವಿತೆ ಕಳುಹಿಸಿ. ಸ್ಪಷ್ಟವಾಗಿಲ್ಲದಿದ್ದರೆ ಕವಿತೆಯ ಜೊತೆಗಿನ ಪತ್ರದಲ್ಲಿ ‘ಈ ಕವಿತೆಯ ಮೊದಲ ರೂಪವನ್ನು ಇಂಥ ತಿಂಗಳು ನನ್ನ ಫೇಸ್‌ಬುಕ್ ಪುಟದಲ್ಲಿ ಹಂಚಿಕೊಂಡಿದ್ದೆ, ಬೇರೆ ಯಾವ ಪತ್ರಿಕೆಯಲ್ಲಿಯೂ ಪ್ರಕಟವಾಗಿಲ್ಲ’ ಎಂದು ಬರೆಯಿರಿ. ಬೇಕೋ ಬೇಡವೋ ಎಂಬುದನ್ನು ಸಂಪಾದಕರು ತೀರ್ಮಾನಿಸಲಿ.