ಮೇಲಿನಿಂದ ಹಾರ್ಮುಜ್

ಇರಾನ್ ಮತ್ತು ಒಮಾನ್ ನಡುವಿನ ಹಾರ್ಮುಜ್ ಜಲಸಂಧಿಯ ಸುದ್ದಿ ಬಂದಾಗ ಬೀದರಿನವರು ಅದರ ಉಪಗ್ರಹ ಚಿತ್ರ ಒಮ್ಮೆ ನೋಡಲೇಬೇಕು. ತೀರ ಕಿರಿದಾದಲ್ಲಿ ಅಗಲ ಸುಮಾರು 39 ಕಿ.ಮೀ., ಹೆಚ್ಚುಕಡಿಮೆ ಇಲ್ಲಿಂದ ಭಾಲ್ಕಿಗೆ ಹೋದಷ್ಟು. ಬಾಹ್ಯಾಕಾಶ ನಿಲ್ದಾಣ ಅಷ್ಟನ್ನು ಐದಾರು ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಉಪಗ್ರಹ ಚಿತ್ರ ತೋರಿಸುವ ಯುರೋಪಿನ ಜಾಲತಾಣ ಕೋಪರ್ನಿಕಸ್ ಬ್ರೌಸರ್ ಉಚಿತ. 26.5 ಉತ್ತರ, 56.3 ಪೂರ್ವಕ್ಕೆ ಹೋಗಿ ಸೆಂಟಿನೆಲ್-2 ಉಪಗ್ರಹದ ಚಿತ್ರ ಆರಿಸಿ. ಚಳಿಗಾಲದ ದಿನಾಂಕವೇ ಇರಲಿ. ಬೇಸಿಗೆಯಲ್ಲಿ ದೂಳು, ತೇವ ಸೇರಿ ದಡವೇ ಮಸುಕು. ಒಂದು ಪಿಕ್ಸೆಲ್ ಅಂದರೆ 10 ಮೀಟರ್. 330 ಮೀಟರಿನ ತೈಲ ಹಡಗು 33 ಪಿಕ್ಸೆಲ್ ಉದ್ದದ ಗೆರೆಯಾಗಿ ಸಿಗುತ್ತದೆ, ಸಣ್ಣ ಮೀನುದೋಣಿ ಸಿಗುವುದಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಬಿ8 ಪಟ್ಟಿ ಹಾಕಿದರೆ ನೀರು ಪೂರ್ತಿ ಕಪ್ಪಾಗಿ ದಡ ಎದ್ದು ಕಾಣುತ್ತದೆ.

ಆಗ ಒಮಾನಿನ ತುದಿಯ ಪರ್ಯಾಯದ್ವೀಪ ಮುಸಂದಮ್ ನೋಡಿ! ಸಮುದ್ರ ಬೆಟ್ಟದ ಒಳಗೊಳಗೇ ನುಗ್ಗಿದೆ. ಅವು ಮುಳುಗಿದ ಕಣಿವೆಗಳು: ಅರೇಬಿಯಾದ ಭೂಫಲಕ ಯುರೇಷ್ಯದ ಅಡಿಗೆ ಸರಿಯುತ್ತಿರುವುದರಿಂದ ಈ ತುದಿ ಕುಸಿಯುತ್ತಿದೆ. ಎದುರಿನ ಇರಾನ್ ದಡದ ಬಳಿ ದುಂಡಗಿನ ಹಾರ್ಮುಜ್ ದ್ವೀಪ, ನೆಲದಾಳದಿಂದ ಉಬ್ಬಿದ ಉಪ್ಪಿನ ಗುಮ್ಮಟ, ಮೇಲೆ ಕಬ್ಬಿಣದ ಕೆಂಪು ಮಣ್ಣು. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹಾರ್ಮುಜ್‌ನಿಂದಲೇ ಕುದುರೆಯೊಂದನ್ನು ಹಡಗಿಗೆ ಹತ್ತಿಸಿಕೊಂಡು ಕೊಂಕಣ ಕರಾವಳಿಯ ಚೌಲ್‌ನಲ್ಲಿ ಇಳಿದು, ಕೊನೆಗೆ ಅದನ್ನು ಬೀದರಿನಲ್ಲಿ ಮಾರಿದ. ನನಗೆ ತೈಲಕ್ಕಿಂತ ಮೊದಲು ನೆನಪಾಗುವುದು ಬಹಮನಿಗಳ ಕಾಲದ ಆ ಕುದುರೆಗಳೇ.

ಇನ್ನೊಂದು ಮಾತು. 39 ಕಿ.ಮೀ. ಪೂರ್ತಿ ಹಡಗಿಗೆ ಸಿಗುವುದಿಲ್ಲ. ಒಳಹೋಗಲು 2 ನಾಟಿಕಲ್ ಮೈಲಿ (ಸುಮಾರು 3.7 ಕಿ.ಮೀ.) ಅಗಲದ ಓಣಿ, ಹೊರಬರಲು 2, ನಡುವೆ 2 ಖಾಲಿ. ಆಳ ಇರುವುದು ಒಮಾನ್ ಬದಿಗೆ, ಹಾಗಾಗಿ ಓಣಿಯೂ ಆ ಕಡೆಗೇ. ದೊಡ್ಡ ಹಡಗುಗಳೆಲ್ಲ ಮುಸಂದಮ್ ತುದಿ ಬಳಸಿಯೇ ತಿರುಗಬೇಕು.