ಟಿಕ್ಕಿ ಬದಲಾದರೆ ಸಾಲದು, ಬನ್ ಬದಲಾಗಬೇಕು

ಮಂಡ್ಯ, 14 ಸೆಪ್ಟೆಂಬರ್ 2025, ಭಾನುವಾರ

ಮಧ್ಯಾಹ್ನ ಬೇಕರಿಯನ್ನು ಹುಡುಗರ ಕೈಗೆ ಬಿಟ್ಟು ಅಕ್ಕನ ಮಗಳ ಜೊತೆ ಮೈಸೂರಿಗೆ ಹೋಗಿದ್ದೆ. ಅವಳಿಗೆ ಬರ್ಗರ್ ತಿನ್ನಬೇಕಿತ್ತು, ನನಗೆ ಬನ್ ನೋಡಬೇಕಿತ್ತು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಮೆಕ್‌ಡೊನಾಲ್ಡ್ಸ್‌ನವರು ದಕ್ಷಿಣ ಮತ್ತು ಪಶ್ಚಿಮ ಭಾರತದ ಅಂಗಡಿಗಳಿಗೆ ಸಿರಿಧಾನ್ಯದ ಬನ್ ತಂದರು. ಅದು ತಯಾರಾಗಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಹಾಯದಿಂದ. ರಾಗಿ, ಜೋಳ, ಸಜ್ಜೆ, ಬರಗು, ಹಾರಕ ಎಲ್ಲ ಇದೆ ಅದರಲ್ಲಿ. ಸುದ್ದಿ ಓದಿದ ದಿನದಿಂದ ಒಂದ್ಸಲ ಕೈಯಲ್ಲಿ ಹಿಡಿದು ನೋಡಬೇಕು ಅಂತ ಆಸೆ ಇತ್ತು.

ಮೇಲಿನ ಅರ್ಧ ಎತ್ತಿ ತಿರುಗಿಸಿದೆ. ಹೆಬ್ಬೆರಳಲ್ಲಿ ಒತ್ತಿ ಬಿಟ್ಟೆ, ಕುಳಿ ನಿಧಾನಕ್ಕೆ ಮೇಲೆ ಬಂತು. ಒಳಗಿನ ಕಣ್ಣು ಸಣ್ಣದು, ಒಂದೇ ಸಮ. ಪುಡಿ ಉದುರಲಿಲ್ಲ. “ಮಾವ, ಹಿಂಗೆ ಬಿಚ್ಚಿಟ್ಕೊಂಡು ಕೂತ್ರೆ ಆರೋಗುತ್ತೆ, ತಿನ್ನಿ” ಅಂದಳು. ತಿಂದೆ. ಚೆನ್ನಾಗಿತ್ತು. ಧಾನ್ಯದ ರುಚಿ ಇನ್ನೂ ಸ್ವಲ್ಪ ಜೋರಾಗಿದ್ದರೆ ನನಗೆ ಇಷ್ಟವಾಗುತ್ತಿತ್ತು. ಆದರೆ ಬನ್ನಿನ ಕೆಲಸ ಅಚ್ಚುಕಟ್ಟು.

ಇದಕ್ಕೆ ನಾನು ಯಾಕೆ ಇಷ್ಟು ಖುಷಿಪಡುತ್ತೇನೆ ಅಂತ ಬರೆದಿಡಬೇಕು. ಮೈದಾಕ್ಕೆ ನೀರು ಹಾಕಿ ನಾದಿದಾಗ ಗ್ಲುಟೆನ್ ಎಂಬ ಅಂಟಿನಂಥ ಪದಾರ್ಥ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಈಸ್ಟ್ ಬಿಡುವ ಗಾಳಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಬನ್ ಉಬ್ಬುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಸುಮ್ನೆ ಮೈದಾ ತೆಗೆದು ಆ ಜಾಗಕ್ಕೆ ರಾಗಿ ಸುರಿದರೆ ಗಾಳಿ ನಿಲ್ಲುವುದಿಲ್ಲ, ಬನ್ ಬಿಲ್ಲೆಯಾಗಿ ಕೂತುಬಿಡುತ್ತದೆ. ಅದೂ ಅಲ್ಲದೆ ರಾಗಿ ನೀರು ಜಾಸ್ತಿ ಕುಡಿಯುತ್ತದೆ. ಸಂಜೆ ಮೆತ್ತಗಿದ್ದ ಬನ್ ಬೆಳಗ್ಗೆ ಹೊತ್ತಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ.

ನಮ್ಮ ಬೇಕರಿಯಲ್ಲಿ ಮೈದಾ ಮುಕ್ಕಾಲು, ರಾಗಿ ಕಾಲು ಭಾಗ ಹಾಕುತ್ತೇವೆ. ಆ ರಾಗಿಯಲ್ಲೂ ಒಂದು ಪಾಲನ್ನು ಬೇರೆ ತೆಗೆದು, ಮುದ್ದೆಗೆ ಇಡುವ ಹಾಗೆ ಎಸರಿಟ್ಟು, ಕುದಿಯುವ ನೀರಿಗೆ ಹಾಕಿ ತಿರುವುತ್ತೇವೆ. ಗಟ್ಟಿ ಅಂಬಲಿಯ ಹದಕ್ಕೆ ಬಂದ ಮೇಲೆ ಇಳಿಸಿ ಪೂರ್ತಿ ಆರಿಸಬೇಕು. ಬಿಸಿ ಇರುವಾಗಲೇ ಸೇರಿಸಿದರೆ ಈಸ್ಟ್ ಸಾಯುತ್ತದೆ. ಬೆಂದ ಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಾರನೇ ದಿನವೂ ಬನ್ ಮೆತ್ತಗಿರುತ್ತದೆ. ಒಲೆಯಿಂದ ಟ್ರೇ ಎಳೆದಾಗ ಅಂಗಡಿ ತುಂಬ ಹುರಿದ ರಾಗಿಯ ವಾಸನೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಯಾವ ಕೋರ್ಸೂ ಅಲ್ಲ. ಮುದ್ದೆ ತೊಳಸುವ ಅಮ್ಮ.

ದೊಡ್ಡ ಕಂಪನಿಗಳು ಊರಿಗೆ ತಕ್ಕಂತೆ ತಿಂಡಿ ಬದಲಾಯಿಸುವುದು ಹೊಸದೇನಲ್ಲ. ಅಮೆರಿಕದ ಒಳಗೇ ಇದು ನಡೆದಿದೆ. 1962ರಲ್ಲಿ ಸಿನ್ಸಿನಾಟಿಯ ಲೂ ಗ್ರೋನ್ ಎಂಬ ಮೆಕ್‌ಡೊನಾಲ್ಡ್ಸ್ ಅಂಗಡಿಯವರಿಗೆ ಶುಕ್ರವಾರ ವ್ಯಾಪಾರವೇ ಇರುತ್ತಿರಲಿಲ್ಲ. ಸುತ್ತಲಿನ ಕ್ಯಾಥೋಲಿಕರು ಆ ದಿನ ಮಾಂಸ ಮುಟ್ಟುತ್ತಿರಲಿಲ್ಲ. ಅವರು ಮೀನಿನ ಬರ್ಗರ್ ಮಾಡಿದರು. ಕಂಪನಿಯ ಯಜಮಾನ ರೇ ಕ್ರಾಕ್‌ಗೆ ಅದು ಹಿಡಿಸಲಿಲ್ಲ. ಅನಾನಸ್ ಹೋಳು ಇಟ್ಟ ಬರ್ಗರ್ ಓಡುತ್ತದೆ ಅಂತ ಅವರ ನಂಬಿಕೆ. ಎರಡನ್ನೂ ಒಂದೇ ದಿನ ಮಾರಾಟಕ್ಕಿಟ್ಟಾಗ ಗೆದ್ದಿದ್ದು ಮೀನು. ತನ್ನ ಗಿರಾಕಿ ಶುಕ್ರವಾರ ಏನು ತಿನ್ನುತ್ತಾನೆ ಅಂತ ಗೊತ್ತಿದ್ದದ್ದು ಅಂಗಡಿಯಲ್ಲಿ ನಿಂತವನಿಗೆ. ಈ ಕಥೆ ನನಗೆ ತುಂಬ ಇಷ್ಟ.

1996ರಲ್ಲಿ ಅದೇ ಕಂಪನಿ ದೆಹಲಿಗೆ ಬಂದಾಗ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟಿತು. ಸಸ್ಯಾಹಾರಕ್ಕೆ ಅಡುಗೆ ಜಾಗವನ್ನೇ ಬೇರೆ ಮಾಡಿತು, ಮೊಟ್ಟೆ ಇಲ್ಲದ ಮೇಯನೇಸ್ ತಂದಿತು. ಆಮೇಲೆ ಬಂದ ಆಲೂ ಟಿಕ್ಕಿ ಬರ್ಗರ್ ಗೊತ್ತಿಲ್ಲದವರು ಯಾರಿದ್ದಾರೆ? ಇದೆಲ್ಲ ಮರ್ಯಾದೆಯಿಂದ ಮಾಡಿದ ಕೆಲಸ, ಅದನ್ನು ಒಪ್ಪಲೇಬೇಕು. ಆದರೆ ಟಿಕ್ಕಿ ದೆಹಲಿ ಕಡೆಯದು. ಪಿಜ್ಜಾ ಮೇಲಿನ ಪನೀರ್ ಮಖನಿ ಪಂಜಾಬಿನದು. ಮಂಡ್ಯದ ಮನೆಗಳಲ್ಲಿ ಬಸ್ಸಾರು, ಉಪ್ಸಾರು, ಹುರುಳಿಕಾಳು, ಸೊಪ್ಪು ಇರುತ್ತವೆ. ಭಾರತದ ರುಚಿ ಅಂದಾಗ ಅವರ ಲೆಕ್ಕದಲ್ಲಿ ನಾವು ಇನ್ನೂ ಬಂದಿಲ್ಲ.

ಬೆಳಗಿನ ತಿಂಡಿಗೆ ಅಂತ 2017ರಲ್ಲಿ ಮುಂಬೈಯಲ್ಲಿ ಮಸಾಲೆ ದೋಸೆ ಬರ್ಗರ್ ಕೂಡ ಬಂದಿತ್ತು. ಮಸಾಲೆ ದೋಸೆ ಅಂದರೆ ಬರೀ ಆಲೂಗಡ್ಡೆ ಪಲ್ಯ ಅಲ್ವಲ್ಲ. ಕಾವಲಿಯ ಮೇಲೆ ಕೆಂಪಗಾಗುವ ಹಿಟ್ಟು, ಒಳಮೈಗೆ ಸವರುವ ಒಣಮೆಣಸಿನಕಾಯಿ ಬೆಳ್ಳುಳ್ಳಿ ಚಟ್ನಿ, ಅದರ ಮೇಲೆ ಬೆಣ್ಣೆ. ಮೈಸೂರಿನಲ್ಲಿ ಆ ಕೆಂಪು ಚಟ್ನಿ ಇಲ್ಲದೆ ಮಸಾಲೆ ದೋಸೆ ಅಂತ ಕೊಟ್ಟು ನೋಡಿ, ಗಿರಾಕಿ ತಟ್ಟೆ ವಾಪಸ್ ತಳ್ಳುತ್ತಾನೆ.

ಆ ಕಂಪನಿಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಬರ್ಗರಿನ ಒಳಗಿಡುವ ಪ್ಯಾಟಿ ಒಂದು ಕಡೆ ತಯಾರಾಗಿ, ಹೆಪ್ಪುಗಟ್ಟಿಸಿದ ಸ್ಥಿತಿಯಲ್ಲಿ ಎಲ್ಲ ಊರಿಗೂ ಹೋಗಬೇಕು. ಯಾರು ಕರಿದರೂ, ಜನವರಿಯಲ್ಲಾದರೂ ಜುಲೈನಲ್ಲಾದರೂ ರುಚಿ ಒಂದೇ ಇರಬೇಕು. ಆಲೂಗಡ್ಡೆ, ಪನೀರ್ ಇದಕ್ಕೆ ಒಗ್ಗುತ್ತವೆ. ನಮ್ಮ ಸೊಗಡು ಅವರೆ ಚಳಿಗಾಲದಲ್ಲಿ ಬಂದು ಹೋಗುತ್ತದೆ. ಸಬ್ಬಸಿಗೆ ಸೊಪ್ಪು ಒಂದೇ ದಿನಕ್ಕೆ ಬಾಡುತ್ತದೆ. ಹಾಗಾಗಿ ಮಂಡ್ಯದ ನಾಲಿಗೆಗೆ ಹೊಂದುವ ತಿಂಡಿಯನ್ನು ಮಂಡ್ಯದ ಅಂಗಡಿಯವರೇ ಮಾಡಬೇಕು. ಇದನ್ನು ಇನ್ನೊಬ್ಬರ ಮೇಲೆ ಹಾಕಿ ಕೂರುವುದು ತಪ್ಪು.

ಮೊದಲು ಮಾಡಿದವರೂ ಇದ್ದಾರಲ್ಲ! ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೇಕರಿ ಶುರು ಮಾಡಿದಾಗ ಬ್ರೆಡ್ಡು, ಬನ್ನು ಬಿಳಿ ದೊರೆಗಳ ತಿಂಡಿ. ಅವರು ಮೊಟ್ಟೆ ಬಿಟ್ಟರು. ಹಿಟ್ಟಿನ ಒಳಗೇ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹಾಕಿ ನಾದಿದರು. ಖಾರ ಬನ್ ಹುಟ್ಟಿತು. ಇವತ್ತು ಅದನ್ನು ಪರದೇಶದ್ದು ಅಂತ ಯಾರಾದರೂ ಅಂದುಕೊಳ್ಳುತ್ತಾರಾ? ಅವರು ಬನ್ನಿನ ನಡುವೆ ನಮ್ಮ ಪಲ್ಯ ಇಟ್ಟು ಸುಮ್ಮನಾಗಲಿಲ್ಲ, ಹಿಟ್ಟಿಗೇ ಕೈ ಹಾಕಿದರು. ಸಿರಿಧಾನ್ಯದ ಬನ್ ನನಗೆ ದೊಡ್ಡ ಸುದ್ದಿ ಅನ್ನಿಸಿದ್ದು ಇದಕ್ಕೇ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅವರು ಹಸಿರು ಶಾಲು ಹಾಕಿಕೊಂಡು ರೈತ ಸಂಘದಲ್ಲಿ ಓಡಾಡಿದವರು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆದಾಗ ಪ್ರೊಫೆಸರ್ ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಹೋರಾಟ ನಡೆಯಿತು. 1996ರ ಜನವರಿ 30ರಂದು ಆ ಅಂಗಡಿಯ ಮೇಲೆ ದಾಳಿಯೂ ಆಯಿತು. ಬರ್ಗರ್ ಅಂದರೆ ಅಪ್ಪ ಇವತ್ತಿಗೂ ಮುಖ ತಿರುಗಿಸುತ್ತಾರೆ. ಸಿಎಫ್‌ಟಿಆರ್‌ಐ ಬನ್ ಅಂದಾಗ ಮಾತ್ರ ಊಟ ನಿಲ್ಲಿಸಿ ಕೇಳಿದರು. “ರಾಗಿ ಯಾರದು? ರೈತನಿಗೆ ಎಷ್ಟು ಕೊಡ್ತಾರೆ?”

ಸರಿಯಾದ ಪ್ರಶ್ನೆ. ರಾಗಿಗೆ ಈ ಜಿಲ್ಲೆ ಕೊಟ್ಟಿದ್ದು ಸಣ್ಣದಲ್ಲ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಇಳುವರಿ ಹೆಚ್ಚಿತು, ಎಷ್ಟೋ ಮನೆಗಳ ಕಣಜ ತುಂಬಿತು. ಅಂಥ ಊರಿನಲ್ಲಿ ಬೇಕರಿ ಇಟ್ಟುಕೊಂಡು ಬರೀ ಮೈದಾ ಬನ್ ಮಾರುವುದು ನನಗೆ ಒಪ್ಪುವುದಿಲ್ಲ. ನಮ್ಮ ರಾಗಿ ಪಕ್ಕದ ಹಳ್ಳಿಯವರ ಮನೆಯಿಂದ ನೇರವಾಗಿ ಬರುತ್ತದೆ, ದುಡ್ಡು ಅವತ್ತೇ ಕೈಗೆ ಕೊಡುತ್ತೇವೆ. ಅಪ್ಪನಿಗೆ ಅದು ಸಮಾಧಾನ.

ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಹೊಸ ತಿಂಡಿ ಇಡಬೇಕು ಅಂತ ಅಪ್ಪ, ಅಕ್ಕ, ನಾನು ಕೂತು ಮಾತಾಡಿದೆವು. ರಾಗಿ ಬನ್ ಸೀಳಿ, ಒಳಗೆ ಹುಚ್ಚೆಳ್ಳು ಚಟ್ನಿ ಸವರಿ, ಸಬ್ಬಸಿಗೆ ಸೊಪ್ಪು ಹಾಕಿದ ಕಡಲೆಬೇಳೆ ಮಸಾಲೆ ವಡೆ ಇಡುವುದು. ವಡೆ ದಪ್ಪ ಇದ್ದರೆ ಕಚ್ಚುವಾಗ ಬನ್ ಜಾರುತ್ತದೆ, ಅಗಲವಾಗಿ ತೆಳ್ಳಗೆ ತಟ್ಟಬೇಕು ಅಂತ ಅಕ್ಕ ಹೇಳಿದಳು. ಡಿಸೆಂಬರಿಗೆ ಅವರೆಕಾಯಿ ಬಂದ ಮೇಲೆ ಹಿತಕಿದ ಬೇಳೆ ಸೇರಿಸಿ ನೋಡುವುದು. ಸಾಸ್ ಬಾಟಲಿ ಪಕ್ಕದಲ್ಲಿ ಇಡುವುದು ಬೇಡ, ಉಪ್ಸಾರಿನ ಖಾರ ಇಡೋಣ. ಬೆಲೆ ಇಪ್ಪತ್ತೈದು ರೂಪಾಯಿ ದಾಟಬಾರದು. ಶಾಲೆ ಬಿಟ್ಟು ಬರುವ ಮಕ್ಕಳ ಕೈಯಲ್ಲಿ ಅದಕ್ಕಿಂತ ಜಾಸ್ತಿ ಇರುವುದಿಲ್ಲ.